ಊರು ಬಿಟ್ಟ ರೂವಾರಿ: ಬೇಲೂರು–ಹಳೇಬೀಡು ಸೀಮೆಯ ವಲಸೆ ಶಿಲ್ಪಿಗಳು ಮತ್ತು ಜಕಣಾಚಾರಿ ಐತಿಹ್ಯ

ಪೀಠಿಕೆ

ಹೊಯ್ಸಳರ ದೇವಾಲಯಗಳ ಬಗೆಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ವಿಪುಲವಾದ ಬರವಣಿಗೆ ನಡೆದಿದೆ. ಅವುಗಳ ವಾಸ್ತು, ಮೂರ್ತಿಲಕ್ಷಣ, ಕಾಲಾನುಕ್ರಮ ಮತ್ತು ರಾಜಾಶ್ರಯಗಳನ್ನು ವಿದ್ವಾಂಸರು ವಿವರವಾಗಿ ಚರ್ಚಿಸಿದ್ದಾರೆ. ಆದರೆ ಈ ಗುಡಿಗಳನ್ನು ಕಡೆದ ಕೈಗಳು ಎಲ್ಲಿಂದ ಬಂದವು, ಬಂದವರು ತಮ್ಮನ್ನು ಏನೆಂದು ಗುರುತಿಸಿಕೊಂಡರು, ಅವರ ನೆನಪನ್ನು ನಾಡಿನ ಜನ ಯಾವ ರೂಪದಲ್ಲಿ ಉಳಿಸಿಕೊಂಡರು ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಶಾಸನತಜ್ಞರು ಶಿಲ್ಪಿಗಳ ಹೆಸರುಗಳನ್ನು ಪಟ್ಟಿ ಮಾಡಿದರು. ಜಾನಪದ ವಿದ್ವಾಂಸರು ಜಕಣಾಚಾರಿಯ ಕಥೆಯನ್ನು ಸಂಗ್ರಹಿಸಿದರು. ಇವೆರಡನ್ನೂ ಎದುರುಬದುರು ಇಟ್ಟು ಓದುವ ಕೆಲಸ ಅಷ್ಟಾಗಿ ನಡೆದಿಲ್ಲ. ಅಂತಹ ಒಂದು ಓದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಇಂದು ನಾವು ಚಿತ್ರಕಾರ ಬೇರೆ, ಶಿಲ್ಪಿ ಬೇರೆ ಎಂದು ಭಾವಿಸುತ್ತೇವೆ. ನಮ್ಮ ಶಿಲ್ಪಶಾಸ್ತ್ರ ಗ್ರಂಥಗಳ ವಿಂಗಡಣೆ ಹಾಗಿಲ್ಲ. ಸುತ್ತಲೂ ಕಡೆದ ಪೂರ್ಣ ಮೂರ್ತಿಯನ್ನು ಅವು ‘ಚಿತ್ರ’ ಎನ್ನುತ್ತವೆ, ಉಬ್ಬುಶಿಲ್ಪವನ್ನು ‘ಅರ್ಧಚಿತ್ರ’ ಎನ್ನುತ್ತವೆ, ಬಣ್ಣದಲ್ಲಿ ಬರೆದುದನ್ನು ‘ಚಿತ್ರಾಭಾಸ’ ಎನ್ನುತ್ತವೆ. ಶಾಸನಗಳಲ್ಲಿ ಬರುವ ‘ರೂವಾರಿ’ ಎಂಬ ಪದವೂ ರೂಪವನ್ನು ಮಾಡುವವನು ಎಂಬರ್ಥದ ‘ರೂಪಕಾರಿ’ಯಿಂದ ಬಂದುದು. ಆದುದರಿಂದ ಊರು ಬಿಟ್ಟು ಬಂದ ಕಲಾವಿದನ ಗುರುತು, ನಿಸರ್ಗದೊಡನೆ ಅವನ ಸಂಬಂಧ, ಅವನ ನೆಲೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಬೇಲೂರಿನ ರೂವಾರಿಗಳಿಂದ ತೊಡಗುವುದು ಯುಕ್ತವೇ ಆಗಿದೆ.

ಕಲ್ಲು ಹೇಳುವ ಹೆಸರುಗಳು

ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1117ರಲ್ಲಿ ಪ್ರತಿಷ್ಠೆಗೊಂಡಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆರಂಭವನ್ನು ಸಾಮಾನ್ಯವಾಗಿ 1121ಕ್ಕೆ ಹೇಳಲಾಗುತ್ತದೆ. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಅಂದರೆ ಈ ಮೂರು ಊರುಗಳ ನಡುವೆ ನೂರು ವರ್ಷಗಳ ಶಿಲ್ಪಕಾರ್ಯದ ಹರವಿದೆ. ನೂರು ವರ್ಷವೆಂದರೆ ನಾಲ್ಕು ತಲೆಮಾರು. ಇಷ್ಟು ದೀರ್ಘಕಾಲ, ಇಷ್ಟು ಗುಡಿಗಳಿಗೆ ಬೇಕಾದ ಕುಶಲಿಗಳು ಒಂದೇ ಊರಿನಲ್ಲಿ ಹುಟ್ಟಿ ಬೆಳೆದವರಾಗಿರುವುದು ಸಾಧ್ಯವಿಲ್ಲ.

ಈ ಊಹೆಗೆ ಆಧಾರವನ್ನು ಶಿಲ್ಪಿಗಳೇ ಬಿಟ್ಟುಹೋಗಿದ್ದಾರೆ. ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಪೀಠದಲ್ಲಿ ಹೆಸರು ಕೆತ್ತಿದರು. ಭಾರತದ ಪ್ರಾಚೀನ ಕಲೆ ಅನಾಮಿಕವಾದುದು ಎಂಬ ಪ್ರಚಲಿತ ಅಭಿಪ್ರಾಯಕ್ಕೆ ಇದು ಬಲವಾದ ಅಪವಾದ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಅವನ ಮಗ ಚಾವಣನ ಹೆಸರಿದೆ. ಮದನಿಕೆಯರಲ್ಲಿ ನಾಲ್ಕು ದಾಸೋಜನವೆಂದೂ ಐದು ಚಾವಣನವೆಂದೂ ಗುರುತಿಸಲಾಗಿದೆ. ಗದುಗಿನ ನಾಗೋಜನ ಹೆಸರಿದೆ. ಮಲ್ಲಿಯಣ್ಣ, ಚಿಕ್ಕಹಂಪ, ಮಲ್ಲೋಜ ಮೊದಲಾದವರ ಹೆಸರುಗಳೂ ಇವೆ. ಹಳೇಬೀಡಿನಲ್ಲಿ ಕೇದಾರೋಜ, ಮಣಿಬಲಕಿ, ರೇವೋಜ ಮುಂತಾದವರು ಸಿಗುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ (1246) ನಂದಿಯ ಬೈಚೋಜನೂ ಮಲ್ಲಿತಮ್ಮನೂ ಗುಡಿಯ ಎರಡು ಪಾರ್ಶ್ವಗಳನ್ನು ಹಂಚಿಕೊಂಡು ಕೆಲಸ ಮಾಡಿದ್ದಾರೆ. ಅದೇ ಮಲ್ಲಿತಮ್ಮನ ಹೆಸರು ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿಯೂ 1258ರ ಸೋಮನಾಥಪುರದಲ್ಲಿಯೂ ಕಾಣಸಿಗುತ್ತದೆ.

ಈ ಹೆಸರುಗಳಲ್ಲಿ ಗಮನಿಸಬೇಕಾದ ಸಂಗತಿ ಊರು. ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಗದಗು ಅದಕ್ಕೂ ಉತ್ತರಕ್ಕಿದೆ. ಎರಡೂ ಕಲ್ಯಾಣದ ಚಾಳುಕ್ಯರ ಆಳ್ವಿಕೆಯಲ್ಲಿ ಶಿಲ್ಪಕಲೆ ಪ್ರೌಢಾವಸ್ಥೆಗೆ ಬಂದ ಕೇಂದ್ರಗಳು. ಬಳ್ಳಿಗಾವೆಯ ಕೇದಾರೇಶ್ವರ, ಗದುಗಿನ ತ್ರಿಕೂಟೇಶ್ವರ ಗುಡಿಗಳನ್ನು ಕಂಡವರಿಗೆ ಬೇಲೂರಿನ ಕಂಬಗಳು ಹೊಸತೆನಿಸುವುದಿಲ್ಲ. ಹೊಯ್ಸಳರು ಆಗ ಚಾಳುಕ್ಯರ ಸಾಮಂತರು. 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ವಿಷ್ಣುವರ್ಧನನಿಗೆ ತನ್ನ ಏಳಿಗೆಯನ್ನು ಸಾರುವ ಗುಡಿ ಬೇಕಾಗಿತ್ತು. ಅದನ್ನು ಕಡೆಯಬಲ್ಲ ಕೈಗಳು ಉತ್ತರದಲ್ಲಿದ್ದವು. ಆಶ್ರಯ ದೊರೆಯುವಲ್ಲಿಗೆ ಕಸುಬು ನಡೆದು ಬಂತು. ನಂದಿಯಿಂದ ಬಂದ ಬೈಚೋಜನ ಹೆಸರು, ಪೂರ್ವದಿಂದಲೂ ಶಿಲ್ಪಿಗಳು ಬರುತ್ತಿದ್ದರೆಂಬುದಕ್ಕೆ ಸಾಕ್ಷಿ.

ಊರಲ್ಲಿಯೇ ಇದ್ದವನು ಊರಿನ ಹೆಸರು ಹೇಳಿಕೊಳ್ಳುವ ಅಗತ್ಯವಿಲ್ಲ. ‘ಬಳ್ಳಿಗಾವೆಯ ದಾಸೋಜ’ ಎಂಬ ಬರಹಕ್ಕೆ ಅರ್ಥ ಬರುವುದು ಬಳ್ಳಿಗಾವೆಯ ಹೊರಗೆ. ಹೊಸ ನೆಲದಲ್ಲಿ ನಿಂತು ಹಳೆಯ ನೆಲದ ಹೆಸರನ್ನು ಕಲ್ಲಿನಲ್ಲಿ ಕೊರೆಯುವ ಈ ಕ್ರಿಯೆಯಲ್ಲಿ ಎರಡು ಉದ್ದೇಶಗಳನ್ನು ಕಾಣಬಹುದು. ಒಂದು, ತಾನು ಹೆಸರಾಂತ ಕೇಂದ್ರದಿಂದ ಬಂದವನೆಂಬ ಪ್ರತಿಷ್ಠೆ. ಎದುರಾಳಿ ಶಿಲ್ಪಿಗಳನ್ನು ಜರೆಯುವ ಬಿರುದುಗಳೂ ಈ ಬರಹಗಳಲ್ಲಿ ಇರುವುದರಿಂದ ಶಿಲ್ಪಿಗಳ ನಡುವೆ ತೀವ್ರ ಸ್ಪರ್ಧೆಯಿತ್ತೆಂಬುದು ನಿಸ್ಸಂದೇಹ. ಎರಡು, ತಂದೆ ಮತ್ತು ಹುಟ್ಟೂರು ಎಂಬ ಗುರುತುಗಳನ್ನು ಬಿಡದೆ ಹಿಡಿದುಕೊಳ್ಳುವ ಹಂಬಲ. ಹೆಸರಿನ ಕೊನೆಯ ‘ಓಜ’ ಎಂಬುದು ಉಪಾಧ್ಯಾಯ ಶಬ್ದದ ತದ್ಭವ. ಅದು ಕಸುಬಿನ ಗುರುತು. ಹೀಗೆ ಕಸುಬು, ತಂದೆ, ಊರು ಇವು ವಲಸೆ ಬಂದ ರೂವಾರಿಯ ಪರಿಚಯಪತ್ರವಾಗಿವೆ.

ಈ ಬರಹಗಳನ್ನು ಬೆಳಕಿಗೆ ತಂದವರಲ್ಲಿ ಬಿ.ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್ ಅವರನ್ನು ನೆನೆಯಬೇಕು. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಪ್ರಕಟವಾಯಿತು. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯಿಂದ 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಮೇಲೆ ಪ್ರತ್ಯೇಕ ಪುಸ್ತಕವನ್ನೇ ಹೊರತಂದರು. ಮುಂದೆ ಷ. ಶೆಟ್ಟರ್ ಅವರು 1992ರಲ್ಲಿ ಹೊಯ್ಸಳ ದೇವಾಲಯಗಳ ಬಗೆಗೆ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು.

ಬಾಯಿ ಹೇಳುವ ಹೆಸರು

ಶಾಸನಗಳಲ್ಲಿ ಇಷ್ಟು ಹೆಸರುಗಳಿದ್ದರೂ ಜನರ ಬಾಯಲ್ಲಿರುವುದು ಒಂದೇ ಹೆಸರು, ಜಕಣಾಚಾರಿ. ಬೇಲೂರು, ಹಳೇಬೀಡು ಮಾತ್ರವಲ್ಲದೆ ಚಾಳುಕ್ಯ ಶೈಲಿಯ ಉತ್ತರದ ಗುಡಿಗಳನ್ನೂ ಜನ ಜಕಣಾಚಾರಿಯದೆನ್ನುವುದುಂಟು. ಬೇಲೂರಿನ ಸಹಿಗಳಲ್ಲಿ ಆ ಹೆಸರು ಇಲ್ಲ. ಮಹಾರಾಷ್ಟ್ರದಲ್ಲಿ ಯಾದವರ ಕಾಲದ ಹಳೆಯ ಗುಡಿಗಳನ್ನೆಲ್ಲ ಹೇಮಾಡಪಂತಿ ಗುಡಿಗಳೆಂದು ಹೇಮಾದ್ರಿಯ ಹೆಸರಿಗೆ ಸೇರಿಸುವ ರೂಢಿ ಇದಕ್ಕೆ ಸಮಾನವಾದುದು. ‘ಜಕ್ಕಣ’ ಎಂಬುದು ‘ದಕ್ಷಿಣಾಚಾರ್ಯ’ ಎಂಬ ಶಬ್ದದ ರೂಪಾಂತರವಿರಬಹುದು, ವ್ಯಕ್ತಿನಾಮವೇ ಆಗಿರಲಾರದು ಎಂಬ ಸೂಚನೆಯೂ ವಿದ್ವಾಂಸರಿಂದ ಬಂದಿದೆ.

ಐತಿಹ್ಯದ ಸಾಮಾನ್ಯ ರೂಪ ಹೀಗಿದೆ: ತುಮಕೂರಿನ ಬಳಿಯ ಕೈದಾಳ, ಅಂದಿನ ಕ್ರೀಡಾಪುರ, ಜಕಣಾಚಾರಿಯ ಹುಟ್ಟೂರು. ಕಲೆಯ ಹುಚ್ಚು ಹತ್ತಿದ ಅವನು ಬಸುರಿ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋದ. ಊರೂರು ಸುತ್ತಿ ಗುಡಿಗಳನ್ನು ಕಟ್ಟುತ್ತ ಬೇಲೂರಿಗೆ ಬಂದ. ಇತ್ತ ಹುಟ್ಟಿದ ಮಗ ಡಂಕಣ ಬೆಳೆದು, ತಾನೂ ಉಳಿ ಹಿಡಿದು, ತಂದೆಯನ್ನು ಹುಡುಕುತ್ತ ಅಲ್ಲಿಗೇ ಬಂದ. ಪ್ರತಿಷ್ಠೆಗೆ ಸಿದ್ಧವಾಗಿದ್ದ ಚೆನ್ನಿಗರಾಯನ ಮೂರ್ತಿಯನ್ನು ಕಂಡು, ಈ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣಾಚಾರಿ ಪಂಥ ಕಟ್ಟಿದ. ಮೂರ್ತಿಗೆ ಗಂಧವನ್ನು ಬಳಿದರು. ಎಲ್ಲೆಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟಾಗ ನೀರು, ಮರಳು, ಒಂದು ಕಪ್ಪೆ ಹೊರಬಂದವು. ಜಕಣಾಚಾರಿ ಮಾತಿನಂತೆ ಕೈ ಕಡಿದುಕೊಂಡ. ಅನಂತರ ತಂದೆ ಮಗನ ಗುರುತು ಹತ್ತಿತು. ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟು ಎಂದು ದೇವರ ಅಪ್ಪಣೆಯಾಯಿತು. ಗುಡಿ ಮುಗಿದಾಗ ಕೈ ಮರಳಿ ಬಂತು, ಊರು ಕೈದಾಳವಾಯಿತು.

ಚರಿತ್ರೆಯ ದೃಷ್ಟಿಯಿಂದ ಇದನ್ನು ಒಪ್ಪುವುದು ಕಷ್ಟ. ಕಪ್ಪೆ ಚೆನ್ನಿಗರಾಯನೆಂದು ಜನ ಕರೆಯುವ ಮೂರ್ತಿಯಿರುವ ಗುಡಿ, ಬೇಲೂರಿನ ಆವರಣದಲ್ಲಿ ರಾಣಿ ಶಾಂತಲೆ ಮಾಡಿಸಿದುದು. ಕೈದಾಳದ ಗುಡಿ ಸಾಮಂತ ಬಾಚಿಯ ಕಾಲದ್ದು. ಅಲ್ಲಿಯ ಶಾಸನದ ಕಾಲ 1150–51. ಊರಿನ ಹೆಸರಿಗೆ ಕೊಡುವ ವಿವರಣೆ ಜನಪದ ನಿರುಕ್ತಿಯ ಜಾತಿಗೆ ಸೇರಿದುದು. ಕೈ ಕಡಿದುಕೊಂಡ ಶಿಲ್ಪಿಯ ಸುದ್ದಿ ಈ ಶಾಸನಗಳಲ್ಲಿಲ್ಲ.

ಆದರೆ ಇಷ್ಟು ಹೇಳಿ ಕಥೆಯನ್ನು ಪಕ್ಕಕ್ಕಿಡುವುದು ಜಾನಪದ ಅಧ್ಯಯನದ ಕ್ರಮವಲ್ಲ. ಐತಿಹ್ಯ ಘಟನೆಗಳಲ್ಲಿ ತಪ್ಪಬಹುದು, ಸಂಬಂಧಗಳಲ್ಲಿ ತಪ್ಪದಿರಬಹುದು. ಬೇರೆ ಊರಿನಿಂದ ಬಂದ ಶಿಲ್ಪಿ. ತಂದೆಯೂ ಮಗನೂ ಒಂದೇ ಗುಡಿಯಲ್ಲಿ ಉಳಿ ಹಿಡಿದಿರುವುದು. ಶಿಲ್ಪಿಗಳ ನಡುವಿನ ಪಂಥ. ಬಳ್ಳಿಗಾವೆಯ ದಾಸೋಜ–ಚಾವಣರ ಬರಹಗಳು ಮತ್ತು ಬಿರುದುಗಳು ಹೇಳುವುದು ಇದನ್ನೇ ಅಲ್ಲವೆ? ದಾಸೋಜನೇ ಜಕಣಾಚಾರಿ ಎಂದು ಇಲ್ಲಿ ವಾದಿಸುತ್ತಿಲ್ಲ. ಹೆಸರುಗಳು ಅಳಿದ ಮೇಲೂ ಆ ಸಮುದಾಯದ ಬದುಕಿನ ವಿನ್ಯಾಸ ಕಥೆಯಲ್ಲಿ ಉಳಿದಿದೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

ತಂದೆ, ಮಗ, ಕೈ

ತಂದೆ ಶಿಲ್ಪಿಯನ್ನು ಮಗ ಮೀರಿಸುವ ಆಶಯ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಕೇರಳದ ಪೆರುಂತಚ್ಚನ್ ಕಥೆಯಲ್ಲಿ, ತನ್ನನ್ನು ಮೀರಿಸಿದ ಮಗನ ಮೇಲೆ ತಂದೆಯ ಕೈಯಿಂದ ಉಳಿ ಬೀಳುತ್ತದೆ, ಮಗ ಸಾಯುತ್ತಾನೆ. ಒಡಿಶಾದ ಕೊಣಾರ್ಕದ ಕಥೆಯಲ್ಲಿ ಹನ್ನೆರಡು ವರ್ಷದ ಧರ್ಮಪದ ತಾನು ಕಾಣದ ತಂದೆಯನ್ನು ಹುಡುಕಿ ಬರುತ್ತಾನೆ. ಸಾವಿರದ ಇನ್ನೂರು ಶಿಲ್ಪಿಗಳಿಗೆ ಸಾಧ್ಯವಾಗದ ಶಿಖರವನ್ನು ಕೂರಿಸಿ, ಅವರ ಮಾನ ಉಳಿಸಲು ಸಮುದ್ರಕ್ಕೆ ಹಾರುತ್ತಾನೆ. ಸ್ಕಾಟ್ಲೆಂಡಿನ ರಾಸ್ಲಿನ್ ಎಂಬಲ್ಲಿಯ ಹದಿನೈದನೆಯ ಶತಮಾನದ ಚರ್ಚಿನಲ್ಲಿ ‘ಶಿಷ್ಯನ ಕಂಬ’ ಎಂಬುದೊಂದಿದೆ. ದೇಶಾಂತರ ಹೋಗಿ ಬಂದ ಗುರು, ತಾನಿಲ್ಲದಾಗ ಶಿಷ್ಯ ಕಡೆದ ಕಂಬದ ಸೊಗಸನ್ನು ಕಂಡು ಸಹಿಸಲಾರದೆ ಅವನನ್ನು ಕೊಂದನೆಂಬುದು ಅದರ ಕಥೆ.

ಈ ಮೂರರಲ್ಲೂ ಸಾಯುವವನು ಕಿರಿಯ. ಕನ್ನಡದ ಕಥೆಯಲ್ಲಿ ಕಿರಿಯ ಬದುಕುತ್ತಾನೆ, ಹಿರಿಯ ತನ್ನ ಕೈಯನ್ನು ತೆರುತ್ತಾನೆ. ಇದು ಸಣ್ಣ ಭೇದವಲ್ಲ. ಉಳಿದ ಕಥೆಗಳ ಕೇಂದ್ರ ಅಸೂಯೆ ಅಥವಾ ಮಾನ. ಜಕಣಾಚಾರಿಯ ಕಥೆಯ ಕೇಂದ್ರ ಊರು ಬಿಟ್ಟ ಋಣ. ಅವನು ಬಿಟ್ಟು ಬಂದ ಮನೆಯೇ ಮಗನ ರೂಪದಲ್ಲಿ ಬಂದು ಅವನ ಕಲ್ಲಿನ ದೋಷವನ್ನು ತೋರಿಸುತ್ತದೆ. ದೋಷವಿರುವುದು ಮೂರ್ತಿಯ ಹೊಕ್ಕುಳಲ್ಲಿ ಎಂಬುದನ್ನೂ ಲಕ್ಷಿಸಬೇಕು. ಹೊಕ್ಕುಳು ತಾಯಿಗೂ ಮಗುವಿಗೂ ಇದ್ದ ಬಳ್ಳಿಯ ಗುರುತು. ಹೆತ್ತ ನೆಲದೊಡನೆ ಬಳ್ಳಿ ಕಡಿದುಕೊಂಡವನ ಕೃತಿಯಲ್ಲಿ ಹೊಕ್ಕುಳೇ ಹಸಿಯಾಗಿ ಉಳಿಯುತ್ತದೆ. ಕಡಿದ ಕೈ ಬೇಲೂರಿನಲ್ಲಿಯೇ ಕೂಡಿಕೊಳ್ಳಬಹುದಿತ್ತು, ಮೂರ್ತಿಯಿದ್ದುದೂ ಅಲ್ಲಿಯೇ. ಕಥೆ ಹಾಗೆ ಮಾಡುವುದಿಲ್ಲ. ಹುಟ್ಟೂರಿಗೆ ಹಿಂದಿರುಗಿ ದುಡಿದ ಮೇಲೆ ಮಾತ್ರ ಕೈ ಬರುತ್ತದೆ. ಪರವೂರಿನಲ್ಲಿ ಗಳಿಸಿದ ಕೌಶಲವನ್ನು ಸ್ವಂತ ಊರಿಗೆ ಸಲ್ಲಿಸದೆ ಕಲಾವಿದ ಪೂರ್ಣನಾಗುವುದಿಲ್ಲ ಎಂಬ ನಿಲುವನ್ನು ಜನಪದರು ಹೀಗೆ ಹೇಳಿದ್ದಾರೆ.

ಕಲ್ಲೊಳಗಿನ ಕಪ್ಪೆ

ಬೇಲೂರು–ಹಳೇಬೀಡುಗಳಲ್ಲಿ ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ಬೆಳಕುಗಳಿಗೆ ಒಡ್ಡಿಕೊಂಡಂತೆ ಗಡುಸಾಗುವುದು ಅದರ ಗುಣ. ಮದನಿಕೆಯರ ಮೇಲಿನ ಬಳ್ಳಿಮಾಡಗಳ ಎಲೆಎಲೆಯನ್ನೂ ಬಿಡಿಸಲು ಸಾಧ್ಯವಾದುದು ಈ ಕಲ್ಲಿನಿಂದ. ಬೇಲೂರಿನ ನಲವತ್ತೆರಡು ಮದನಿಕೆಯರಲ್ಲಿ ಒಬ್ಬಳ ಕೈಯಲ್ಲಿ ಗಿಳಿಯಿದೆ, ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಒಂದು ಬಳ್ಳಿಮಾಡದಲ್ಲಿ ಹಣ್ಣಿನ ಮೇಲೆ ಕುಳಿತ ನೊಣವನ್ನು ಹಿಡಿಯಲು ಹಲ್ಲಿ ಹೊಂಚುಹಾಕಿದೆ. ಹಳೇಬೀಡಿನ ಅಧಿಷ್ಠಾನದಲ್ಲಿ ಆನೆ, ಸಿಂಹ, ಕುದುರೆ, ಮಕರ, ಹಂಸಗಳ ಸಾಲುಗಳ ನಡುವೆ ಬಳ್ಳಿಯ ಪಟ್ಟಿಕೆಗಳು ಹರಿದಿವೆ. ಅರಸೀಕೆರೆಯ ಈಶ್ವರ ದೇವಾಲಯದ ಮುಂದಿನ ಮಂಟಪ ಹದಿನಾರು ಕೋನಗಳ ನಕ್ಷತ್ರದ ಆಕಾರದಲ್ಲಿ ಅರಳಿ ನಿಂತಿದೆ. ಹೆಣ್ಣು, ಮರ, ಬಳ್ಳಿಗಳನ್ನು ಒಂದಾಗಿ ಕಾಣುವ ಸಾಲಭಂಜಿಕೆಯ ಕಲ್ಪನೆ ಭಾರತದಲ್ಲೆಲ್ಲ ಹಳೆಯದು. ನೊಣ ಹಲ್ಲಿಗಳು ಮಾತ್ರ ಶಿಲ್ಪಿ ದಿನವೂ ಕಂಡವು. ಊರು ಬೇರೆಯಾದರೂ ಹಲ್ಲಿ ನೊಣ ಹಿಡಿಯುವ ಕ್ರಮ ಬೇರೆಯಾಗುವುದಿಲ್ಲ. ವಲಸೆ ಬಂದವನಿಗೆ ಹೊಸ ಊರಿನಲ್ಲಿ ಮೊದಲು ಪರಿಚಿತವಾಗಿ ಕಾಣುವುದು ಇಂತಹ ಜೀವಿಗಳೇ ಎಂದರೆ ತಪ್ಪಾಗಲಾರದು.

ಹೀಗಿರುವಾಗ ಐತಿಹ್ಯದ ಕಪ್ಪೆಗೆ ವಿಶೇಷ ಸ್ಥಾನವಿದೆ. ಹಲ್ಲಿ, ಗಿಳಿ, ಕೋತಿಗಳು ಶಿಲ್ಪಿ ಮಾಡಿದ ಜೀವಗಳು; ಕಪ್ಪೆ ಅವನಿಗೆ ತಿಳಿಯದೆಯೇ ಕಲ್ಲಿನಲ್ಲಿದ್ದ ಜೀವ. ಕಲ್ಲಿನೊಳಗೆ ಕಪ್ಪೆ ಬದುಕುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಕಲ್ಲಿನ ಕಪ್ಪೆಗೂ ಆಹಾರ ಒದಗಿಸುವ ದೈವದ ಮಾತು ಕನಕದಾಸರ ಕೀರ್ತನೆಯಲ್ಲಿಯೂ ಬರುತ್ತದೆ. ಯೂರೋಪಿನಲ್ಲಿಯೂ ಇದೇ ನಂಬಿಕೆಯಿತ್ತು. ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಬಕ್ಲೆಂಡ್ 1825ರಲ್ಲಿ ಸುಣ್ಣಕಲ್ಲು ಮತ್ತು ಮರಳುಗಲ್ಲುಗಳಲ್ಲಿ ಕುಳಿ ತೋಡಿಸಿ, ಕಪ್ಪೆಗಳನ್ನಿಟ್ಟು ಮುಚ್ಚಿಸಿ ಪರೀಕ್ಷಿಸಿದ. ಎರಡನೆಯ ವರ್ಷ ಮುಗಿಯುವುದರೊಳಗೆ ಅವೆಲ್ಲ ಸತ್ತಿದ್ದವು. ವಿಜ್ಞಾನ ಈ ನಂಬಿಕೆಯನ್ನು ಅಲ್ಲಗಳೆಯಿತು. ಆದರೆ ನಮ್ಮ ಕಥೆಯಲ್ಲಿ ಕಪ್ಪೆಯ ಕೆಲಸ ಜೀವಶಾಸ್ತ್ರದ್ದಲ್ಲ. ನೀರು, ಮರಳು, ಕಪ್ಪೆ ಇವು ಕೆರೆಯ ಅಂಗಗಳು, ಕೆರೆಯೆಂದರೆ ಊರು. ಅರಸಿಯ ಕೆರೆಯಿಂದ ಹೆಸರು ಪಡೆದ ಅರಸೀಕೆರೆ ಈ ಸೀಮೆಯಲ್ಲಿಯೇ ಇದೆ. ಮನುಷ್ಯ ಎಷ್ಟೇ ನಯವಾಗಿ ಕಡೆದರೂ ಕಲ್ಲು ತನ್ನ ಹುಟ್ಟಿನ ತೇವವನ್ನು ಬಿಟ್ಟುಕೊಡದು ಎಂಬ ಅರಿವು ಇಲ್ಲಿ ಕಪ್ಪೆಯಾಗಿ ಹೊರಬಂದಿದೆ. ಕಲ್ಲಿಗೂ ಹುಟ್ಟೂರಿದೆ.

ನಮ್ಮ ಕಾಲದ ವಲಸೆಗಾರರು

ಈ ವಿನ್ಯಾಸ ಆಧುನಿಕ ಚಿತ್ರಕಾರರ ಬದುಕಿನಲ್ಲಿಯೂ ಕಾಣಸಿಗುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲಿಯೇ ಕಲಿಸಿದರು. ಮುಂದೆ ಪ್ಯಾರಿಸ್ಸಿನಲ್ಲಿ ಅಭ್ಯಾಸ ಮಾಡಿದರು. 1996ರಲ್ಲಿ ತೀರಿಕೊಳ್ಳುವವರೆಗೂ ಅವರ ನೆಲೆ ಮುಂಬಯಿ. ಕಥಕ್ ನೃತ್ಯವನ್ನೂ ಕಲಿತ ಅವರ ರೇಖೆಗಳಲ್ಲಿ ಹಾಡು ಕುಣಿತಗಳ ಲಯವಿದೆ; ಹಳ್ಳಿಯ ದುಡಿಮೆ, ಜಾತ್ರೆ, ಮೇಳಗಳು ಮಹಾನಗರದ ಈ ಚಿತ್ರಕಾರನನ್ನು ಬಿಡಲಿಲ್ಲ. ಇದಕ್ಕೆ ಪ್ರತಿಯಾಗಿ, 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಅವರು ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ದೇವಿಕಾರಾಣಿಯವರೊಡನೆ ನೆಲೆನಿಂತು, 1993ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಒಬ್ಬರು ಕರ್ನಾಟಕದಿಂದ ಹೊರಗೆ ಹೋದವರು, ಇನ್ನೊಬ್ಬರು ಹೊರಗಿನಿಂದ ಬಂದವರು. ಎಲ್ಲಿಯವರು ಎಂಬ ಪ್ರಶ್ನೆಗೆ ಇಬ್ಬರ ಉತ್ತರವೂ ಒಂದೇ ಊರಿನ ಹೆಸರಿನಲ್ಲಿ ಮುಗಿಯುವುದಿಲ್ಲ. ಬಳ್ಳಿಗಾವೆಯ ದಾಸೋಜನ ಉತ್ತರವೂ ಹೀಗೆಯೇ ಎರಡು ಊರುಗಳಲ್ಲಿ ಹಂಚಿಹೋಗಿದೆ: ಹೆಸರಿನಲ್ಲಿ ಬಳ್ಳಿಗಾವೆ, ಕೆಲಸದಲ್ಲಿ ಬೇಲೂರು.

ಸಮಾರೋಪ

1964ರಲ್ಲಿ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ ತೆರೆಕಂಡಿತು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವೆಂಬ ಖ್ಯಾತಿಯ ಆ ಚಿತ್ರದ ಅನಂತರ, ಜನರು ಹೇಳುವ ಕಥೆಯಲ್ಲಿ ಮೌಖಿಕವಾದುದೆಷ್ಟು, ಚಿತ್ರದಿಂದ ಬಂದುದೆಷ್ಟು ಎಂದು ಬೇರ್ಪಡಿಸಿ ನೋಡುವ ಎಚ್ಚರ ಸಂಗ್ರಾಹಕನಿಗೆ ಇರಬೇಕಾಗುತ್ತದೆ. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನಲ್ಲಿದೆ; ಜನವರಿ 1ರಂದು ಅವನ ಸಂಸ್ಮರಣ ದಿನವನ್ನೂ ಆಚರಿಸಲಾಗುತ್ತಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆಯ ಗುಡಿ ಆ ಮೂರರಲ್ಲಿಲ್ಲ. ರೈಲಿನಲ್ಲಿ ಅರಸೀಕೆರೆಗೆ ಬಂದಿಳಿದು ಬೇಲೂರಿಗೆ ಹೋಗುವ ಪ್ರವಾಸಿಗೆ, ನಕ್ಷತ್ರದ ಮಂಟಪವೊಂದು ಅದೇ ಊರಿನಲ್ಲಿದೆ ಎಂಬುದು ತಿಳಿಯದೆ ಹೋಗುವ ಸಂಭವವೇ ಹೆಚ್ಚು.

ಈ ಮನ್ನಣೆಗಳು ಸ್ವಾಗತಾರ್ಹವೇ. ಆದರೆ ಒಂದು ಅಪಾಯವನ್ನು ಗಮನಿಸದಿರಲಾಗದು. ಜಕಣಾಚಾರಿ ಎಂಬ ಒಂದು ಹೆಸರು ಬೆಳೆದಂತೆಲ್ಲ ದಾಸೋಜ, ಚಾವಣ, ನಾಗೋಜ, ಬೈಚೋಜ, ಮಲ್ಲಿತಮ್ಮರ ಹೆಸರುಗಳು ಮಸುಕಾಗುತ್ತವೆ. ತಮ್ಮ ಹೆಸರು ಉಳಿಯಲೆಂದೇ ಅವರು ಕಲ್ಲಿನಲ್ಲಿ ಕೊರೆದರು. ಒಂಬತ್ತು ನೂರು ವರ್ಷ ಉಳಿದ ಆ ಅಕ್ಷರಗಳನ್ನು ಓದದೆ ಮುಂದೆ ಸಾಗಿದರೆ ಊರು ಬಿಟ್ಟು ಬಂದ ದುಡಿಮೆಗಾರರನ್ನು ಎರಡನೆಯ ಬಾರಿ ಅನಾಮಿಕರನ್ನಾಗಿ ಮಾಡಿದಂತಾಗುತ್ತದೆ. ಹಾಗೆಂದು, ಶಾಸನದಲ್ಲಿಲ್ಲವೆಂಬ ಕಾರಣಕ್ಕೆ ಜಕಣಾಚಾರಿಯನ್ನು ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಊರು ಬಿಟ್ಟವನಿಗೆ ಏನಾಗುತ್ತದೆ ಎಂಬುದನ್ನು ಸಹಿಗಳು ಹೇಳುವುದಿಲ್ಲ. ಅದನ್ನು ಹೇಳಿರುವುದು ಕಥೆ. ಯಾರು ಬಂದರು ಎಂಬುದನ್ನು ಕಥೆ ಹೇಳುವುದಿಲ್ಲ. ಅದನ್ನು ಹೇಳಿರುವುದು ಸಹಿಗಳು.

ಆದುದರಿಂದ ಎರಡು ಕಾರ್ಯಗಳು ತುರ್ತಾಗಿ ಆಗಬೇಕು. ಮೊದಲನೆಯದು, ದೇವಾಲಯಗಳಲ್ಲಿ ಶಿಲ್ಪಿಗಳ ಸಹಿಯಿರುವ ಮೂರ್ತಿಗಳ ಬಳಿ ಆ ಹೆಸರನ್ನೂ ಊರನ್ನೂ ಇಂದಿನ ಕನ್ನಡ ಲಿಪಿಯಲ್ಲಿ ನಮೂದಿಸುವುದು. ಎರಡನೆಯದು, ಕೈದಾಳ, ಬೇಲೂರು, ಅರಸೀಕೆರೆ, ಬಳ್ಳಿಗಾವೆ, ಗದಗು ಈ ಕೇಂದ್ರಗಳಲ್ಲಿ, ವಿಶೇಷವಾಗಿ ವಿಶ್ವಕರ್ಮ ಸಮುದಾಯದ ಹಿರಿಯರಿಂದ, ಜಕಣಾಚಾರಿ ಐತಿಹ್ಯದ ಪಾಠಾಂತರಗಳನ್ನು ಒಂದೇ ಕ್ರಮದಲ್ಲಿ ಸಂಗ್ರಹಿಸಿ, ಸಹಿಗಳ ಊರುಗಳೊಡನೆ ಹೋಲಿಸುವುದು. ದಾಸೋಜನ ಹುಟ್ಟೂರಿನಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೆ ಎಂಬ ಪ್ರಶ್ನೆಯಿಂದಲೇ ಆ ಕೆಲಸ ಆರಂಭವಾಗಬಹುದು.